ಬಸ್ ಶೆಲ್ಟರ್ ಇದೆ, ನೆರಳು ಮಾತ್ರ ಬೇರೆ ಕಡೆ

ಓದುಗರ ಪ್ರಶ್ನೆ: ನಮ್ಮದು ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಬಡಾವಣೆ. ಊರ ಹೊರಗೆ ಹೋಗುವ ಬದಿಯಲ್ಲಿ ಒಂದು ಸ್ಟೀಲಿನ ಬಸ್ ಶೆಲ್ಟರ್ ಇದೆ. ಬೇಸಿಗೆಯ ಸಂಜೆ ಅದರೊಳಗೆ ಯಾರೂ ಕೂರುವುದಿಲ್ಲ, ಎಲ್ಲರೂ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲುತ್ತಾರೆ. ಮಳೆ ಬಂದರೆ ನೆಲದಲ್ಲಿ ನೀರು ನಿಲ್ಲುತ್ತದೆ. ಈಗ ಬಡಾವಣೆಯ ಸಂಘದಿಂದ, ಕೆಲವು ದಾನಿಗಳ ನೆರವಿನಲ್ಲಿ ಹೊಸದು ಕಟ್ಟಿಸುವ ಮಾತು ನಡೆದಿದೆ. ಬಿಸಿಲು, ಮಳೆ, ಜಾತ್ರೆಯ ಜನ ಎಲ್ಲದಕ್ಕೂ ಹೊಂದಿಕೊಳ್ಳುವ ಶೆಲ್ಟರ್ ಮಾಡಬಹುದು ಅಂತ ಕೇಳಿದ್ದೇವೆ. ಯಾವ ಡಿಸೈನ್ ಒಳ್ಳೆಯದು? ನಾಳೆ ರಸ್ತೆ ಅಗಲ ಮಾಡಿದರೆ ಅದೂ ಹೋಗುತ್ತಾ?

ಉತ್ತರ: ಡಿಸೈನ್ ಆಮೇಲೆ ನೋಡೋಣ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಜನ ಶೆಲ್ಟರ್ ಬಿಟ್ಟು ಮರದ ಕೆಳಗೆ ನಿಂತಿದ್ದಾರೆ ಅಂದರೆ ಅವರಿಗೆ ತಿಳಿವಳಿಕೆ ಇಲ್ಲ ಅಂತ ಅಲ್ಲ, ನೆರಳು ಎಲ್ಲಿದೆಯೋ ಅಲ್ಲಿಗೆ ಹೋಗಿದ್ದಾರೆ ಅಷ್ಟೇ. ಹಾಗಾದರೆ ಶೆಲ್ಟರಿನ ನೆರಳು ಎಲ್ಲಿ ಹೋಯಿತು?

ಲೆಕ್ಕ ಕಷ್ಟದ್ದೇನಲ್ಲ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ನೆತ್ತಿ ಮೇಲಿನ ಬಿಸಿಲಿಗೆ ಯಾವ ಚಪ್ಪರವಾದರೂ ನೆರಳು ಕೊಡುತ್ತದೆ. ತೊಂದರೆ ಇರುವುದು ಸಂಜೆ. ಮೇ ತಿಂಗಳಲ್ಲಿ ಸಂಜೆ ನಾಲ್ಕೂವರೆಗೆ ನಮ್ಮಲ್ಲಿ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ, ಪಶ್ಚಿಮದಿಂದ ತುಸು ಉತ್ತರಕ್ಕೆ ಇರುತ್ತಾನೆ. ಎರಡೂವರೆ ಮೀಟರ್ ಎತ್ತರದ ಚಾವಣಿ ಅಂಚಿನ ನೆರಳು ಆಗ ನಾಲ್ಕು ಮೀಟರಿಗೂ ಜಾಸ್ತಿ ದೂರ ಪೂರ್ವಕ್ಕೆ ಹೋಗಿ ಬೀಳುತ್ತದೆ. ಶೆಲ್ಟರಿನ ಆಳ ಇರುವುದು ಒಂದೂವರೆ, ಹೆಚ್ಚೆಂದರೆ ಎರಡು ಮೀಟರ್. ಅಂದರೆ ನೆರಳು ಬೆಂಚು ದಾಟಿ, ಹಿಂದಿನ ಚರಂಡಿ ದಾಟಿ ಯಾರದೋ ಕಾಂಪೌಂಡ್ ಗೋಡೆಯ ಮೇಲಿರುತ್ತದೆ. ಬೆಂಚಿನ ಮೇಲೆ ಬಿಸಿಲು.

ಈಗ ನಿಮ್ಮ ರಸ್ತೆ ನೋಡಿ. ಜೇವರ್ಗಿ ರಸ್ತೆ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಓಡುತ್ತದೆ. ನಮ್ಮಲ್ಲಿ ಬಸ್ಸು ಎಡಕ್ಕೆ ಹೋಗುತ್ತದೆ. ಹಾಗಾಗಿ ದಕ್ಷಿಣಕ್ಕೆ, ಅಂದರೆ ಜೇವರ್ಗಿ ಕಡೆ ಹೋಗುವವರು ನಿಲ್ಲುವುದು ರಸ್ತೆಯ ಪೂರ್ವ ಬದಿ. ಶೆಲ್ಟರ್ ಬಾಯಿ ತೆರೆಯುವುದು ಪಶ್ಚಿಮಕ್ಕೆ. ಕೆಲಸ, ಕಾಲೇಜು, ಆಸ್ಪತ್ರೆ ಮುಗಿಸಿ ಊರಿಗೆ ಹೊರಟವರು ಅಲ್ಲಿ ನಿಲ್ಲುವುದು ಯಾವಾಗ? ಸಂಜೆ. ಜನ ಜಾಸ್ತಿ ಇರುವ ಹೊತ್ತಿಗೇ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಅದೇ ರಸ್ತೆಯ ಎದುರು ಬದಿಯಲ್ಲಿ, ಸಿಟಿ ಕಡೆ ಬರುವವರ ಸ್ಟಾಪಿನಲ್ಲಿ, ಇದು ಪೂರ್ತಿ ಉಲ್ಟಾ. ಅಲ್ಲಿ ಬೆನ್ನಿಗೆ ಪಶ್ಚಿಮ, ಮುಖಕ್ಕೆ ಪೂರ್ವ. ಸಂಜೆ ಹಿಂದಿನ ಗೋಡೆಯೇ ನೆರಳು ಕೊಡುತ್ತದೆ. ಬೆಳಗಿನ ಬಿಸಿಲು ಎದುರಿಗೆ ಬಂದರೂ ಆಗ ನೆಲ, ಗಾಳಿ ಇನ್ನೂ ಅಷ್ಟು ಕಾದಿರುವುದಿಲ್ಲ. ಒಂದೇ ರಸ್ತೆ, ಒಂದೇ ಹೆಸರಿನ ಸ್ಟಾಪ್, ಎರಡು ಬದಿಗೆ ಎರಡು ಬೇರೆ ಶೆಲ್ಟರ್ ಬೇಕು. ಆದರೆ ಟೆಂಡರಿನಲ್ಲಿ ನಕ್ಷೆ ಒಂದೇ ಇರುತ್ತದೆ, ಎರಡೂ ಬದಿಗೆ ಅದನ್ನೇ ನೆಡುತ್ತಾರೆ.

ಸೇಡಂ ರಸ್ತೆಗೆ ಹೋದರೆ ಲೆಕ್ಕ ಮತ್ತೆ ಬೇರೆ. ಅದು ಪೂರ್ವಕ್ಕೆ ಹೋಗುವ ರಸ್ತೆ. ವಿಶ್ವವಿದ್ಯಾಲಯದ ಕಡೆ ಹೋಗುವವರ ಸ್ಟಾಪ್ ಉತ್ತರ ಬದಿಗೆ ಬರುತ್ತದೆ, ಬಾಯಿ ದಕ್ಷಿಣಕ್ಕೆ. ಸಂಜೆ ಬಿಸಿಲು ಎದುರಿನಿಂದ ಬರದೆ ಪಕ್ಕದ ತುದಿಯಿಂದ ಒಳಗೆ ನುಗ್ಗುತ್ತದೆ. ಆ ತುದಿಗೆ ಒಂದು ಹಲಗೆ ಹಾಕಿದರೆ ಮುಗೀತಲ್ಲ ಅನ್ನಬೇಡಿ. ಆ ಬದಿಯಲ್ಲಿ ಬಸ್ಸು ಬರುವುದೂ ಪಶ್ಚಿಮದಿಂದಲೇ. ಹಲಗೆ ಹಾಕಿದರೆ ಬಸ್ಸು ಕಾಣುವುದಿಲ್ಲ, ಬಸ್ಸು ಕಾಣದಿದ್ದರೆ ಜನ ಎದ್ದು ಬಂದು ರಸ್ತೆಗೆ ಇಳಿದು ನಿಲ್ಲುತ್ತಾರೆ, ನಡುವೆ ಟಂಟಂ ಆಟೋ ಬೇರೆ ಬಂದು ನಿಂತಿರುತ್ತದೆ, ಆಗ ಶೆಲ್ಟರ್ ಇದ್ದೂ ಇಲ್ಲದಂತೆ. ಅಲ್ಲಿ ಬೇಕಾಗಿರುವುದು ಜಾಲಿ, ಅಂದರೆ ಸಂದು ಬಿಟ್ಟು ಜೋಡಿಸಿದ ಪಟ್ಟಿಗಳ ತಡೆ. ಬಿಸಿಲು ತಡೆಯಬೇಕು, ಕಣ್ಣಿಗೆ ಅಡ್ಡ ಆಗಬಾರದು.

ಆದ್ದರಿಂದ ಹೊಂದಿಕೊಳ್ಳುವ ಶೆಲ್ಟರ್ ಅಂದಾಗ ನಾನು ಹೇಳುವುದು ಇದು. ಕಟ್ಟು, ಅಂದರೆ ಕಂಬ, ತೊಲೆ, ಬೋಲ್ಟು ಎಲ್ಲ ಕಡೆ ಒಂದೇ ಇರಲಿ. ಅದರ ಮೈಗೆ ಏನು ಹೊದಿಸಬೇಕು, ಯಾವ ಬದಿ ಮುಚ್ಚಬೇಕು, ಯಾವ ಬದಿ ಬಿಡಬೇಕು ಅನ್ನುವುದನ್ನು ಆಯಾ ಜಾಗದ ಬಿಸಿಲು ಮತ್ತು ಬಸ್ಸು ಬರುವ ದಿಕ್ಕು ತೀರ್ಮಾನಿಸಲಿ. ಮೋಟಾರಿನಲ್ಲಿ ತಿರುಗುವ ಚಾವಣಿ, ಸೆನ್ಸರ್ ನೋಡಿ ಮಡಚಿಕೊಳ್ಳುವ ರೆಕ್ಕೆ ಇಂಥವನ್ನೆಲ್ಲ ಕಂಪ್ಯೂಟರ್ ಚಿತ್ರಗಳಲ್ಲಿ ತೋರಿಸುತ್ತಾರೆ. ಬೇಡ. ಧೂಳಿನ ಊರು ನಮ್ಮದು. ರಸ್ತೆ ಬದಿಯಲ್ಲಿ ದಿನಾ ಅಲುಗಾಡುವ ಯಾವ ಭಾಗವೂ ಬಹಳ ಕಾಲ ಬಾಳುವುದಿಲ್ಲ. ವರ್ಷಕ್ಕೆ ಎರಡು ಸಲ, ಯುಗಾದಿ ಹೊತ್ತಿಗೆ ಒಮ್ಮೆ, ಮಳೆ ಹಿಡಿಯುವ ಮುಂಚೆ ಒಮ್ಮೆ, ಒಬ್ಬ ಫಿಟ್ಟರ್ ಸ್ಪ್ಯಾನರ್ ಹಿಡಿದು ಬಂದು ಬದಲಿಸುವಷ್ಟು ಬದಲಾವಣೆ ಸಾಕು.

ನಿಮ್ಮ ಸ್ಟಾಪಿನ ವಿಷಯಕ್ಕೆ ಬರ್ತೀನಿ. ಪಶ್ಚಿಮಕ್ಕೆ ಬಾಯಿ ಇರುವ ಶೆಲ್ಟರಿಗೆ ಚಾವಣಿ ಎಷ್ಟೇ ಮುಂದಕ್ಕೆ ಚಾಚಿದರೂ ಸಂಜೆ ಬಿಸಿಲು ತಡೆಯಲು ಆಗಲ್ಲ, ಮೇಲಿನ ಲೆಕ್ಕದಲ್ಲೇ ಗೊತ್ತಾಯಿತಲ್ವಾ. ಚಾಚಿದರೆ ಬಸ್ಸಿನ ಕನ್ನಡಿ ತಾಗುತ್ತದೆ. ಚಾವಣಿ ಅಂಚು ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲಿನಿಂದ ಅರ್ಧ ಮೀಟರಿಗಿಂತ ಜಾಸ್ತಿ ಹಿಂದೆಯೇ ಇರಬೇಕು. ಹಾಗಾಗಿ ನನ್ನ ಸಲಹೆ, ಶೆಲ್ಟರನ್ನು ತಿರುಗಿಸಿ. ಬೆನ್ನು ರಸ್ತೆ ಕಡೆಗೆ, ಬಾಯಿ ಫುಟ್‌ಪಾತ್ ಕಡೆಗೆ. ಕೇಳಲು ವಿಚಿತ್ರ ಅನಿಸಬಹುದು. ಆದರೆ ಬಸ್ಸಿಗೆ ಬಾಗಿಲು ಇರುವುದು ಒಂದೋ ಎರಡೋ, ಅದೂ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಇಡೀ ಮುಂಭಾಗ ತೆರೆದಿಟ್ಟು ಏನು ಲಾಭ? ಕರ್ಬಿನಿಂದ ಒಂದೂವರೆ ಮೀಟರ್ ಜಾಗ ಹತ್ತಿಳಿಯಲು ಬಿಡಿ, ಅದರ ಹಿಂದೆ ಜಾಲಿಯ ಗೋಡೆ, ಗೋಡೆಯ ಒಳಗೆ ಬೆಂಚು, ಮೇಲೆ ಚಾವಣಿ. ನಿಮ್ಮ ಬದಿಗೆ ಬಸ್ಸು ಬರುವುದು ಉತ್ತರದಿಂದ. ಉತ್ತರದ ತುದಿಯನ್ನು ಪೂರ್ತಿ ತೆರೆದಿಡಿ. ಅಲ್ಲಿ ಕಂಬವನ್ನೂ ಕೊಂಚ ಒಳಗೆ ಸರಿಸಿದರೆ ಕೂತಲ್ಲಿಂದಲೇ ಬಸ್ಸು ಕಾಣುತ್ತದೆ.

ಜಾಲಿಗೆ ಅಡ್ಡಕ್ಕೆ ಮಲಗಿಸಿದ ಪಟ್ಟಿಗಳು ಒಳ್ಳೆಯದು. ಪಟ್ಟಿಯ ಅಗಲ 100 ಮಿಲಿಮೀಟರ್ ಇದ್ದರೆ ಎರಡು ಪಟ್ಟಿಗಳ ನಡುವೆ 55ರಿಂದ 60 ಮಿಲಿಮೀಟರ್ ಸಂದು ಬಿಡಿ. 30 ಡಿಗ್ರಿಗಿಂತ ಮೇಲಿನ ಬಿಸಿಲೆಲ್ಲ ಅದರಲ್ಲಿ ನಿಂತುಹೋಗುತ್ತದೆ, ಗಾಳಿ ಮಾತ್ರ ಬರುತ್ತದೆ. ಪಟ್ಟಿಗಳನ್ನು ಹೊರಕ್ಕೆ ಬಾಗುವಂತೆ ಓರೆ ಮಾಡಿದರೆ ಐದೂವರೆಯ ಬಿಸಿಲೂ ಕಡಿಮೆಯಾಗುತ್ತದೆ, ಮಳೆಯ ಎರಚಲೂ ನಿಲ್ಲುತ್ತದೆ. ಒಂದು ಎಚ್ಚರಿಕೆ: ಕಣ್ಣಿನ ಮಟ್ಟದಲ್ಲಿ ಒಂದಿಷ್ಟು ಜಾಗ ತೆಳ್ಳಗಿರಲಿ, ಹೊರಗಿನವರಿಗೆ ಒಳಗೆ ಯಾರಿದ್ದಾರೆ ಅಂತ ಕಾಣಬೇಕು. ಸಂಜೆಯ ಮೇಲೆ ಒಬ್ಬಳೇ ಕಾಯುವ ಹೆಣ್ಣುಮಗಳಿಗೆ ಮುಚ್ಚಿದ ಮೂಲೆ ಧೈರ್ಯ ಕೊಡುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲವಾಯಿತು. ಸ್ಟಾಪಿನಲ್ಲಿ ಯಾರು ಕಾಯುತ್ತಾರೆ ಅಂತ ಲೆಕ್ಕ ಹಾಕುವಾಗ ಅವರನ್ನು ಮೊದಲು ಎಣಿಸಬೇಕು.

ಇಷ್ಟೆಲ್ಲ ಮಾಡುವ ಮುಂಚೆ ಆ ಬೇವಿನ ಮರದ ಹತ್ತಿರ ಹೋಗಿ ಒಮ್ಮೆ ಯೋಚಿಸಿ. ಮರ ಎಷ್ಟು ದೂರ ಇದೆ? ಇಪ್ಪತ್ತು, ಮೂವತ್ತು ಮೀಟರ್ ಆದರೆ ಶೆಲ್ಟರನ್ನೇ ಮರದ ಹತ್ತಿರಕ್ಕೆ ಒಯ್ಯಿರಿ. ಸ್ಟಾಪಿನ ಬೋರ್ಡ್ ಕಂಬ ಅಷ್ಟು ಸರಿಸುವುದು ಸಾರಿಗೆ ನಿಗಮಕ್ಕೆ ದೊಡ್ಡ ಕೆಲಸ ಏನಲ್ಲ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ನಮ್ಮ ಊರಲ್ಲೇ ಇದೆ, ಹೋಗಿ ಕೇಳಬಹುದು. ಮರದ ನೆರಳು ತಗಡಿನ ನೆರಳಿಗಿಂತ ಯಾಕೆ ತಂಪು ಅಂದರೆ, ತಗಡು ಕಾದು ತಾನೇ ಕೆಳಗೆ ಶಾಖ ಬಿಡುತ್ತದೆ, ಎಲೆ ನೀರು ಹೊರಬಿಡುತ್ತಾ ತನ್ನನ್ನು ತಂಪಾಗಿ ಇಟ್ಟುಕೊಳ್ಳುತ್ತದೆ. ಬೇವು ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸಿ ಏಪ್ರಿಲ್ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಮೇ ತಿಂಗಳ ಧಗೆಗೆ ಸರಿಯಾಗಿ ನೆರಳು ರೆಡಿ. ಹೊಂಗೆಯೂ ಹಾಗೇ. ಕಾಂಡದ ಸುತ್ತ ಮಾತ್ರ ಕಾಂಕ್ರೀಟ್ ತುಂಬಬೇಡಿ, ಒಂದೂವರೆ ಮೀಟರಾದರೂ ಮಣ್ಣು ಬಿಡಿ. ಕಟ್ಟೆ ಕಟ್ಟುವುದಾದರೆ ಕಾಂಡಕ್ಕೆ ಮಣ್ಣು ಏರಿಸದೆ ದೂರದಿಂದ ಕಟ್ಟಿ. ಮರಕ್ಕೆ ಬಿಸಿಲಿನ ಕೆಲಸ ಕೊಟ್ಟರೆ ಶೆಲ್ಟರಿಗೆ ಮಳೆಯ ಕೆಲಸ ಮಾತ್ರ ಉಳಿಯುತ್ತದೆ, ಆಗ ಅದು ಚಿಕ್ಕದಾದರೂ ನಡೆಯುತ್ತದೆ, ಖರ್ಚೂ ಕಡಿಮೆ. ಮರ ಇಲ್ಲದ ಸ್ಟಾಪುಗಳಲ್ಲಿ ಪಶ್ಚಿಮದ ಬದಿಗೆ ಎರಡು ಸಸಿಗೆ ಜಾಗ ಬಿಟ್ಟೇ ಶೆಲ್ಟರ್ ಇಡಬೇಕು. ಸಸಿ ಬೆಳೆದಂತೆ ಜಾಲಿ ಪಟ್ಟಿಗಳನ್ನು ಬಿಚ್ಚಿ ಇನ್ನೊಂದು ಸ್ಟಾಪಿಗೆ ಕೊಡಬಹುದು.

ಚಾವಣಿಯ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಬಿಸಿಲು 43 ಡಿಗ್ರಿ ದಾಟುವ ಊರಿನಲ್ಲಿ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ಹಾಕುತ್ತಾರೆ. ಬೆಳಕೂ ಬರುತ್ತೆ, ಬಿಸಿಲೂ ಬರುತ್ತೆ, ಕೆಲವೇ ವರ್ಷದಲ್ಲಿ ಹಳದಿಗಟ್ಟಿ ಸೀಳುತ್ತದೆ. ಇಲ್ಲವಾದರೆ ಒಂಟಿ ತಗಡು. ಮಧ್ಯಾಹ್ನ ಅದರ ಕೆಳಗೆ ನಿಂತರೆ ನೆತ್ತಿಗೆ, ಕತ್ತಿಗೆ ಶಾಖ ತಗುಲುತ್ತದೆ. ಗಾಳಿ ಬಿಸಿಯಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಅದರ ಜೊತೆಗೆ ತಗಡೂ ಮೇಲಿಂದ ಸುಡುತ್ತಿರುತ್ತದೆ. ಪರಿಹಾರ ಹಳೆಯದು, ಅಗ್ಗದ್ದು: ಎರಡು ಪದರ. ಮೇಲೆ ಬಿಳಿ ಬಣ್ಣದ ತಗಡು, 100 ಮಿಲಿಮೀಟರ್ ಸಂದು, ಕೆಳಗೆ ಸಿಮೆಂಟ್ ಫೈಬರ್ ಬೋರ್ಡ್ ಅಥವಾ ಬಿದಿರಿನ ಬೋರ್ಡ್. ಸಂದಿನ ಎರಡೂ ತುದಿ ತೆರೆದಿರಲಿ, ಬಿಸಿ ಗಾಳಿ ಹೊರಗೆ ಹೋಗಲಿ, ಹಕ್ಕಿ ಗೂಡು ಕಟ್ಟದಂತೆ ಮೆಶ್ ಹಾಕಿ. ದೀಪಕ್ಕೆ ಸೋಲಾರ್ ಪ್ಯಾನೆಲ್ ಇಡುವುದಾದರೆ ಅದನ್ನೂ ತಗಡಿಗೆ ಅಂಟಿಸದೆ ಎತ್ತರಿಸಿ ಕೂರಿಸಿ, ಅದು ಇನ್ನೊಂದು ನೆರಳಾಗುತ್ತದೆ. 12 ವಾಟಿನ ಎಲ್‌ಇಡಿ ಐದು ಗಂಟೆ ಉರಿಯಲು 60 ವಾಟ್ ಅವರ್ ಸಾಕು, ಅದಕ್ಕೆ 40 ವಾಟಿನ ಪುಟ್ಟ ಪ್ಯಾನೆಲ್ ಆರಾಮಾಗಿ ಆಗುತ್ತದೆ. ಬ್ಯಾಟರಿಯನ್ನು ಕೆಳಗೆ ಪೆಟ್ಟಿಗೆಯಲ್ಲಿ ಇಟ್ಟರೆ ಉಳಿಯುವುದಿಲ್ಲ, ಪ್ಯಾನೆಲ್ ಕೆಳಗೇ ಮೇಲಿರಲಿ.

ನೆದರ್ಲ್ಯಾಂಡ್ಸಿನ ಯೂಟ್ರೆಕ್ಟ್ ನಗರದಲ್ಲಿ 300ಕ್ಕೂ ಹೆಚ್ಚು ಶೆಲ್ಟರುಗಳ ಮೇಲೆ ಸಣ್ಣ ಗಿಡಗಳನ್ನು ಬೆಳೆಸಿದ್ದಾರೆ, ಫೋಟೋ ನೋಡಿ ಹಲವರು ನಮ್ಮಲ್ಲೂ ಹಾಗೆ ಮಾಡೋಣ ಅಂತಾರೆ. ಅಲ್ಲಿ ವರ್ಷವಿಡೀ ತೇವ ಇರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಆ ಗಿಡಕ್ಕೆ ನೀರು ಹಾಕುವವರು ಯಾರು? ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ದಿನಗಳು ಅವು. ನೋಡಿ ಕಲಿಯುವುದಾದರೆ ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ ನೋಡಿ. 1367ರಲ್ಲಿ ಕಟ್ಟಿದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಅಲ್ಲಿಲ್ಲ, ಪೂರ್ತಿ ಗುಮ್ಮಟಗಳ ಚಾವಣಿ, ಬೆಳಕು ಬರುವುದು ಬದಿಯ ಕಮಾನುಗಳಿಂದ. ಮೇಲೆ ದಪ್ಪ, ಬದಿಗೆ ಗಾಳಿ. ಈ ಊರಿನ ಬಿಸಿಲಿಗೆ ಅದೇ ಸರಿ.

ಬೆಂಚು ಸ್ಟೀಲಿನದು ಬೇಡ. ಶಹಾಬಾದ್ ಫರಸಿ ನಮ್ಮ ಜಿಲ್ಲೆಯದ್ದೇ, ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ತರಿಸುವ ಸಾಮಾನಿಗಿಂತ ಅಗ್ಗ. ಒಡೆದರೆ ಮರುದಿನವೇ ಇನ್ನೊಂದು ಕಲ್ಲು ಸಿಗುತ್ತದೆ. ಆದರೆ ನೆರಳಿನಲ್ಲಿದ್ದರೆ ಮಾತ್ರ ಅದು ತಂಪು, ಬಿಸಿಲಿಗೆ ಬಿದ್ದರೆ ಕಲ್ಲೂ ಸುಡುತ್ತದೆ. ನೆಲಕ್ಕೆ ಹಾಕುವಾಗ ಪಾಲಿಶ್ ಮಾಡದ ಒರಟು ಕಲ್ಲು ತಗೊಳ್ಳಿ, ಮಳೆಯಲ್ಲಿ ಜಾರಬಾರದು. ಕೂರುವ ಎತ್ತರ 450 ಮಿಲಿಮೀಟರ್. ಮಂಡಿ ನೋವಿನವರಿಗೆ ಎದ್ದೇಳಲು ಒಂದೆರಡು ಕಡೆ ಕೈ ಊರುವ ಹಿಡಿ ಇರಲಿ. ಸ್ವಲ್ಪ ಹೊತ್ತು ಕಾಯುವವರಿಗೆ, ಕಾಲೇಜಿನ ಹುಡುಗರಿಗೆ ಸೊಂಟದ ಎತ್ತರಕ್ಕೆ ಒಂದು ಪೈಪು ಕೊಟ್ಟರೆ ಒರಗಿ ನಿಲ್ಲುತ್ತಾರೆ, ಬೆಂಚು ವಯಸ್ಸಾದವರಿಗೆ ಉಳಿಯುತ್ತದೆ. ಬೆಂಚಿನ ಪಕ್ಕದಲ್ಲಿ 900ಕ್ಕೆ 1200 ಮಿಲಿಮೀಟರ್ ಖಾಲಿ ಜಾಗ ಬೇಕೇ ಬೇಕು. ಗಾಲಿಕುರ್ಚಿಗೆ ಅದು ಬೇಕು, ಗಾಲಿಕುರ್ಚಿ ಇಲ್ಲದ ಹೊತ್ತಿನಲ್ಲಿ ಹಳ್ಳಿಯವರ ಚೀಲ, ಬುಟ್ಟಿ, ಮಗುವಿನ ಸಾಮಾನು ಅಲ್ಲಿರುತ್ತದೆ. ಏರುಹಾದಿ ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿರಲಿ, 150 ಮಿಲಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದ. ಇದನ್ನು ಉಳಿಸಲು ಹೋಗಿ ಅರ್ಧ ಮೀಟರಿನಲ್ಲಿ ಮುಗಿಸಿದರೆ ಅದನ್ನು ಹತ್ತಲು ಯಾರಿಂದಲೂ ಆಗಲ್ಲ.

ಜನ ಜಾಸ್ತಿ ಆದಾಗ ಏನು ಮಾಡಬೇಕು ಅಂತ ಕೇಳಿದ್ದೀರಿ. ಕಟ್ಟನ್ನು ಎರಡು ಮೀಟರ್ ಉದ್ದದ ಅಂಕಣಗಳಾಗಿ ಮಾಡಿ. ಅಂಕಣದ ಆಳ 1.8 ಮೀಟರ್ ಇದ್ದರೆ ಒಂದರಲ್ಲಿ ಒಂಬತ್ತು ಜನ ಇಕ್ಕಟ್ಟಿಲ್ಲದೆ ನಿಲ್ಲಬಹುದು. ಸಾಮಾನ್ಯ ಸ್ಟಾಪಿಗೆ ಮೂರು ಅಂಕಣ, ಸೂಪರ್ ಮಾರ್ಕೆಟ್ ಅಥವಾ ದೊಡ್ಡಾಸ್ಪತ್ರೆ ಎದುರಾದರೆ ಆರು. ಮುಂದೆ ಬೇಕಾದರೆ ಬೋಲ್ಟ್ ಬಿಚ್ಚಿ ಒಂದು ಸೇರಿಸಬಹುದು, ಬೇಡವಾದರೆ ತೆಗೆಯಬಹುದು. ತುದಿಯ ಕಂಬಗಳಿಗೆ ಮೊದಲೇ ನಾಲ್ಕು ಗಟ್ಟಿ ಕೊಂಡಿ ಬೆಸೆದಿಟ್ಟರೆ ಜಾತ್ರೆ ದಿನಗಳಲ್ಲಿ ಪಕ್ಕಕ್ಕೆ ನೆರಳು ಬಲೆ ಎಳೆದು ಕಟ್ಟಲು ಆಗುತ್ತದೆ. ತೋಟಗಾರಿಕೆಯವರು ಬಳಸುವ 75 ಪರ್ಸೆಂಟಿನ ಹಸಿರು ನೆಟ್ ಸಾಕು. ಶರಣಬಸವೇಶ್ವರ ಜಾತ್ರೆ ಹೋಳಿ ಹುಣ್ಣಿಮೆ ಕಳೆದ ಮೇಲೆ ಬರುತ್ತದೆ, ಆಗ ಬಿಸಿಲು ಏರುವ ಕಾಲ, ನೆಟ್ ನಡೆಯುತ್ತದೆ. ಬಂದೇನವಾಜ್ ಉರುಸ್ ಹಾಗಲ್ಲ. ಅದು ಹಿಜರಿ ಪಂಚಾಂಗದ ಪ್ರಕಾರ ನಡೆಯುವುದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಕೆಲವು ವರ್ಷ ಮಳೆಯಲ್ಲಿ, ಕೆಲವು ವರ್ಷ ಕಡು ಬೇಸಿಗೆಯಲ್ಲಿ, ಮುಂದೆ ಚಳಿಯಲ್ಲಿ. ದರ್ಗಾದ ದಾರಿಯ ಸ್ಟಾಪುಗಳ ಕೊಂಡಿಗೆ ನೆಟ್ ಅಲ್ಲದೆ ತಾಡಪಾಲನ್ನೂ ಹೊರುವ ಶಕ್ತಿ ಇರಬೇಕು. ಗಾಳಿಗೆ ತಾಡಪಾಲು ಎಳೆಯುವ ಜೋರು ನೆಟ್‌ಗಿಂತ ಎಷ್ಟೋ ಜಾಸ್ತಿ.

ಇನ್ನೊಂದು ವಿಷಯವನ್ನು ಹೊರಗಿನಿಂದ ಬಂದ ಡಿಸೈನರುಗಳು ಗಮನಿಸುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹಾಗಾದರೆ ಮಿನಿ ವಿಧಾನಸೌಧದಂಥ ಕಡೆಗಳ ಸ್ಟಾಪಿನಲ್ಲಿ ಆ ಎರಡು ತಿಂಗಳು ಜನ ಸೇರುವುದು ಸಂಜೆ ಅಲ್ಲ, ಉರಿ ಮಧ್ಯಾಹ್ನ. ಸೂರ್ಯ 70 ಡಿಗ್ರಿಗೂ ಮೇಲೆ. ಅಲ್ಲಿ ಜಾಲಿಗೆ ಕೆಲಸವೇ ಇಲ್ಲ, ಎಲ್ಲ ಭಾರ ಚಾವಣಿಯ ಮೇಲೆ. ಅಲ್ಲಿ ದುಡ್ಡನ್ನು ಎರಡು ಪದರದ ಚಾವಣಿಗೆ, ಅಗಲಕ್ಕೆ ಹಾಕಿ, ಒಂದು ಮೂಲೆಯಲ್ಲಿ ಎರಡು ಮಣ್ಣಿನ ಮಡಕೆ ಇಡುವ ಅರವಟ್ಟಿಗೆ ಮಾಡಿ. ನಿಮ್ಮ ಜೇವರ್ಗಿ ರಸ್ತೆಯ ಸ್ಟಾಪಿಗೆ ಜಾಲಿ ಮುಖ್ಯ, ಕಚೇರಿಯ ಸ್ಟಾಪಿಗೆ ಚಾವಣಿ ಮುಖ್ಯ.

ಈಗ ನೆಲ. ನೀರು ನಿಲ್ಲುತ್ತದೆ ಅಂದಿರಿ. ನೋಡದೆ ಹೇಳುವುದಾದರೂ ಕಾರಣ ಬಹುಶಃ ಡಾಂಬರು. ಪ್ರತಿ ಸಲ ರಸ್ತೆ ರಿಪೇರಿಯಾದಾಗ ಹಳೆಯದನ್ನು ಕೆರೆಯದೆ ಮೇಲೆ 30, 40 ಮಿಲಿಮೀಟರಿನ ಪದರ ಹಾಕುತ್ತಾರೆ. ನಾಲ್ಕು ಸಲ ಹಾಕಿದರೆ 150 ಮಿಲಿಮೀಟರಿನ ಕರ್ಬ್ ಮಾಯ. ರಸ್ತೆ ಮೇಲಾಗಿ ಶೆಲ್ಟರ್ ಕೆಳಗಾಗುತ್ತದೆ. ಜೊತೆಗೆ ನಮ್ಮದು ಕರಿ ಎರೆ ಮಣ್ಣು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅರ್ಧ ಮೀಟರ್ ಗುಂಡಿ ತೋಡಿ ಕಾಂಕ್ರೀಟ್ ಸುರಿದು ನಿಲ್ಲಿಸಿದ ಕಂಬ ಎರಡು ಮಳೆಗಾಲದಲ್ಲಿ ವಾಲುತ್ತದೆ. ಎಷ್ಟೋ ಕಡೆ ಶೆಲ್ಟರುಗಳು ಒಂದು ಕಡೆ ಬಾಗಿ ನಿಂತಿರುವುದು ಇದರಿಂದಲೇ, ಗುತ್ತಿಗೆದಾರರು ಸಿಮೆಂಟ್ ಕಡಿಮೆ ಹಾಕಿದ್ದಕ್ಕೆ ಅಂತ ಸುಮ್ನೆ ಬೈಯುತ್ತೇವೆ.

ಎರೆ ಮಣ್ಣಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ ಒಂದು ಬಗೆಯ ಪೈಲ್ ಇದೆ. ಸುಮಾರು ಮೂರೂವರೆ ಮೀಟರ್ ಆಳಕ್ಕೆ ತೂತು ಕೊರೆದು, ತಳದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ, ಕಾಂಕ್ರೀಟ್ ತುಂಬುತ್ತಾರೆ. ಮಣ್ಣು ಮೇಲೆ ಏನೇ ಉಬ್ಬಲಿ, ತಳ ಅಲುಗಾಡುವುದಿಲ್ಲ. ಹಿಂದೆ ಮಾತ್ರ ಕಂಬ ಇದ್ದು ಚಾವಣಿ ಮುಂದಕ್ಕೆ ಚಾಚಿದ ಶೆಲ್ಟರಿಗೆ ಇದೇ ಬೇಕು. ಆದರೆ ಅದನ್ನು ಆಮೇಲೆ ಸರಿಸಲು ಆಗಲ್ಲ. ನಿಮಗೆ ರಸ್ತೆ ಅಗಲೀಕರಣದ ಭಯ ಇರುವುದರಿಂದ ಬೇರೆ ದಾರಿ ಹೇಳುತ್ತೇನೆ. ನಾಲ್ಕು ಕಾಲಿನ ಕಟ್ಟು ಮಾಡಿ. ಪ್ರತಿ ಕಾಲಿನ ಕೆಳಗೆ ಒಂದು ಮೀಟರಿನಷ್ಟು ಎರೆ ಮಣ್ಣು ತೆಗೆದು ಮುರುಮ್, ಅಂದರೆ ಗರಸು ಮಣ್ಣು ತುಂಬಿ, ಪದರ ಪದರವಾಗಿ ದಮ್ಮಸ್ಸು ಮಾಡಿ. ಅದರ ಮೇಲೆ ಮೊದಲೇ ಎರಕ ಹೊಯ್ದ ಭಾರದ ಕಾಂಕ್ರೀಟ್ ದಿಂಡು, ದಿಂಡಿನಿಂದ ನಾಲ್ಕು ಉದ್ದ ಬೋಲ್ಟ್, ಬೋಲ್ಟಿನ ಮೇಲೆ ಕೆಳಗೊಂದು ಮೇಲೊಂದು ನಟ್ ಹಾಕಿ ಕಂಬದ ಬುಡದ ಬೇಸ್ ಪ್ಲೇಟ್ ಕೂರಿಸಿ. ಕಂಬ ವಾಲಿದರೆ ಕೆಳಗಿನ ನಟ್ ತಿರುಗಿಸಿ ಮಟ್ಟ ಸರಿಮಾಡಬಹುದು. ರಸ್ತೆ ಎತ್ತರವಾದರೆ ಇಡೀ ಕಟ್ಟನ್ನು ಒಂದಿಷ್ಟು ಎತ್ತಬಹುದು, ನೆಲದ ಫರಸಿಯನ್ನು ಸಿಮೆಂಟಿನಲ್ಲಿ ಕಚ್ಚಿಸದೆ ಮರಳಿನ ಮೇಲೆ ಹಾಸಿದ್ದರೆ ಅದನ್ನೂ ತೆಗೆದು ಎತ್ತರಿಸಿ ಮತ್ತೆ ಹಾಸಬಹುದು. ಜಾಗವೇ ಬದಲಾದರೆ ಕ್ರೇನ್ ತಂದು ದಿಂಡು ಸಮೇತ ಒಯ್ಯಬಹುದು.

ದಿಂಡು ಎಷ್ಟು ಭಾರ ಇರಬೇಕು ಅನ್ನುವುದನ್ನು ಮಾತ್ರ ಅಂದಾಜಿಗೆ ಬಿಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಲೆಕ್ಕ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗಾಳಿ ಮಳೆ ನಿಮಗೆ ಗೊತ್ತು. ಬದಿ ತೆರೆದ ಶೆಲ್ಟರಿಗೆ ಗಾಳಿ ಕೆಳಗಿನಿಂದ ನೂಕುತ್ತದೆ, ಮೇಲಿನಿಂದ ಹೀರುತ್ತದೆ, ಎರಡೂ ಸೇರಿ ಚಾವಣಿಯನ್ನು ಎತ್ತುತ್ತವೆ. ಆರು ಮೀಟರ್ ಉದ್ದ, ಎರಡು ಮೀಟರ್ ಆಳದ ಚಾವಣಿಗೆ ಅದು ಟನ್ನಿನ ಲೆಕ್ಕದಲ್ಲಿ ಬರುತ್ತದೆ. ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2.4 ಟನ್ ತೂಗುತ್ತದೆ, ಆ ಭಾರವೇ ಚಾವಣಿಯನ್ನು ಹಿಡಿದಿಡಬೇಕು. ಚಾವಣಿಯ ನೀರು ರಸ್ತೆಗೆ ವಿರುದ್ಧದ ಬದಿಗೆ ಇಳಿದು ಪೈಪಿನಲ್ಲಿ ಚರಂಡಿಗೆ ಹೋಗಲಿ, ಬಸ್ಸು ಹತ್ತುವವರ ತಲೆ ಮೇಲೆ ಅಲ್ಲ.

ಫುಟ್‌ಪಾತ್ ಅಗಲ ಎಷ್ಟಿದೆ ಅಂತ ನೀವು ಬರೆದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಪ್ರಕಾರ ನಡೆಯುವವರಿಗೆ ಅಡ್ಡಿಯಿಲ್ಲದ 1.8 ಮೀಟರ್ ಕನಿಷ್ಠ ಇರಬೇಕು. ಹತ್ತಿಳಿಯಲು ಒಂದೂವರೆ, ಶೆಲ್ಟರಿಗೆ 1.8, ನಡೆಯಲು 1.8, ಒಟ್ಟು ಐದು ಮೀಟರ್ ಹತ್ತಿರ ಆಯಿತು. ಅಷ್ಟು ಇಲ್ಲದಿದ್ದರೆ ಶೆಲ್ಟರಿನ ಆಳವನ್ನು ಕಡಿಮೆ ಮಾಡಿ, ನಡೆಯುವವರ ಜಾಗ ಮುಟ್ಟಬೇಡಿ. ಹಿಂದೆ ಶಾಲೆಯದೋ ಕಚೇರಿಯದೋ ಕಾಂಪೌಂಡ್ ಇದ್ದರೆ ಅವರನ್ನು ಕೇಳಿ ಎರಡು ಮೀಟರ್ ಒಳಕ್ಕೆ ಗೂಡು ಮಾಡಿಸಿಕೊಳ್ಳಿ. ನಾನು ಕಂಡ ಒಳ್ಳೆಯ ಸ್ಟಾಪುಗಳಲ್ಲಿ ಕೆಲವು ಹೀಗೆ ಆಗಿರುವುದು. ಸರ್ಕಲ್ ಹತ್ತಿರ ಇದ್ದರೆ ಸ್ಟಾಪ್ ಸರ್ಕಲ್ ದಾಟಿದ ಮೇಲೆ ಬರಲಿ, ಮುಂಚೆ ಬೇಡ. ಮುಂಚೆ ಇದ್ದರೆ ನಿಂತ ಬಸ್ಸು ಎಡಕ್ಕೆ ತಿರುಗುವವರಿಗೆಲ್ಲ ಅಡ್ಡವಾಗುತ್ತದೆ.

ಜಾಹೀರಾತಿನವರು ಬರಬಹುದು, ನಾವೇ ಕಟ್ಟಿಕೊಡ್ತೀವಿ ಅಂತ. 1964ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಾಹೀರಾತಿನ ದುಡ್ಡಿನಲ್ಲಿ ಶೆಲ್ಟರ್ ಕಟ್ಟುವ ಪದ್ಧತಿ ಶುರುವಾಯಿತು, ಈಗ ಜಗತ್ತಿನ ತುಂಬ ಇದೆ. ತಪ್ಪಿಲ್ಲ. ಆದರೆ ಅವರಿಗೆ ಬೇಕಾದ ಜಾಗ ಯಾವುದು ಅಂದರೆ ಬರುವ ವಾಹನಗಳಿಗೆ ಎದುರಾಗುವ ತುದಿ. ಬಸ್ಸು ಬರುವುದು ನೋಡಲು ನಮಗೆ ಬೇಕಾದ್ದೂ ಅದೇ ತುದಿ. ಒಪ್ಪಂದದಲ್ಲಿ ಅದನ್ನು ಬಿಟ್ಟುಕೊಡಬೇಡಿ, ಚಾವಣಿಯ ಅಂಚಿನಲ್ಲೋ ಇನ್ನೊಂದು ತುದಿಯಲ್ಲೋ ಕೊಡಿ. ದಾನಿಗಳ ಹೆಸರಿಗೂ ಇದೇ ಮಾತು. ಸ್ಟಾಪಿನ ಹೆಸರು, ಬಸ್ ನಂಬರ್ ದೊಡ್ಡದಾಗಿರಲಿ, ಕನ್ನಡದಲ್ಲಿ ಬರೆದು ಕೆಳಗೆ ಉರ್ದುವಿನಲ್ಲೂ ಬರೆಸಿ. ಊರಲ್ಲಿ ಓದುವವರು ಇದ್ದಾರೆ.

ಪೈಪು, ಬೋಲ್ಟು, ಪಟ್ಟಿ ಎಲ್ಲ ಇಲ್ಲೇ ಅಂಗಡಿಯಲ್ಲಿ ಸಿಗುವ ಅಳತೆಯದಾಗಿರಲಿ, ಜಂಗು ಹಿಡಿಯದಂತೆ ಗ್ಯಾಲ್ವನೈಸ್ ಮಾಡಿಸಿ. ಇಡೀ ಕಟ್ಟಿಗೆ ಒಂದೇ ಅಳತೆಯ ಬೋಲ್ಟ್ ಬಳಸಿದರೆ ಒಂದೇ ಸ್ಪ್ಯಾನರಿನಲ್ಲಿ ಕೆಲಸ ಆಗುತ್ತದೆ. ಕೈಗೆಟುಕುವ ಎತ್ತರದಲ್ಲಿ ಮಾತ್ರ, ಬಿಗಿಯಾದ ಮೇಲೆ ತಲೆ ಮುರಿದು ಬೀಳುವ ನಟ್ ಹಾಕಿ, ಕಳ್ಳರು ಬಿಚ್ಚಲಾರರು. ಮೊದಲ ದಿನವೇ ಹತ್ತು ಪಟ್ಟಿ, ಒಂದು ತಗಡು, ಎರಡು ಫರಸಿ ಹೆಚ್ಚಿಗೆ ತರಿಸಿ ಯಾರದಾದರೂ ಮನೆಯಲ್ಲಿ ಇಟ್ಟುಬಿಡಿ. ದುಡ್ಡೆಲ್ಲ ಉದ್ಘಾಟನೆಯ ದಿನಕ್ಕೇ ಖಾಲಿ ಮಾಡಬೇಡಿ, ಬಣ್ಣಕ್ಕೆ, ರಿಪೇರಿಗೆ ಒಂದು ಪಾಲು ಬ್ಯಾಂಕಿನಲ್ಲಿರಲಿ.

ಫ್ಯಾಬ್ರಿಕೇಶನ್‌ಗೆ ಕೊಡುವ ಮುಂಚೆ ಬಿದಿರು, ನೆಟ್ ತಂದು ಅದೇ ಜಾಗದಲ್ಲಿ ಒಂದು ವಾರ ಕಟ್ಟಿ ನೋಡಿ. ಮಧ್ಯಾಹ್ನ ಒಂದೂವರೆಗೆ, ಸಂಜೆ ನಾಲ್ಕೂವರೆಗೆ, ಐದೂವರೆಗೆ ಜನ ಎಲ್ಲಿ ನಿಲ್ಲುತ್ತಾರೆ ಅಂತ ನೆಲದ ಮೇಲೆ ಸುಣ್ಣದಲ್ಲಿ ಗುರುತು ಮಾಡಿ. ಬಸ್ಸಿನ ಬಾಗಿಲು ಎಲ್ಲೆಲ್ಲಿ ಬಂದು ನಿಲ್ಲುತ್ತದೆ ಅಂತಲೂ ಗುರುತು ಮಾಡಿ. ಯಾವ ಕಂಬ ಎಲ್ಲಿ ಬರಬೇಕು ಅನ್ನುವುದು ಆಗ ಗೊತ್ತಾಗುತ್ತದೆ.

ರಸ್ತೆ ಅಗಲ ಮಾಡಿದರೆ ಹೋಗುತ್ತಾ ಅಂದಿರಿ. ಗಾರೆಯಲ್ಲಿ ಕಟ್ಟಿದ್ದಾದರೆ ಜೆಸಿಬಿ ಬಂದ ದಿನ ಹೋಗುತ್ತದೆ. ಬೋಲ್ಟಿನದಾದರೆ ಹೋಗಬೇಕಿಲ್ಲ, ಆದರೆ ಬಿಚ್ಚಿಕೊಳ್ಳಲು ನಿಮಗೆ ಸಮಯ ಸಿಗಬೇಕು. ಅದಕ್ಕೆ ಮೊದಲು ಆ ಜಾಗ ಪಾಲಿಕೆಯದಾ, ಲೋಕೋಪಯೋಗಿ ಇಲಾಖೆಯದಾ, ಹೆದ್ದಾರಿಯವರದಾ ಅಂತ ಖಚಿತ ಮಾಡಿಕೊಳ್ಳಿ. ಅವರ ಅನುಮತಿ ಪತ್ರದಲ್ಲೇ ಎರಡು ಸಾಲು ಬರೆಸಿ: ಕಾಮಗಾರಿಗೆ 30 ದಿನ ಮುಂಚೆ ಸಂಘಕ್ಕೆ ಲಿಖಿತವಾಗಿ ತಿಳಿಸಬೇಕು, ಶೆಲ್ಟರ್ ಸರಿಸುವ ಹಕ್ಕು ಮತ್ತು ಖರ್ಚು ಸಂಘದ್ದು. ಹೊಸ ಜಾಗ ಎಲ್ಲಿ ಅನ್ನುವುದನ್ನು ಸಾರಿಗೆ ನಿಗಮದವರ ಜೊತೆ ಕೂತು ತೀರ್ಮಾನಿಸುವುದು ಅಂತ ಮೂರನೇ ಸಾಲು ಸೇರಿಸಲು ಒಪ್ಪಿದರೆ ಇನ್ನೂ ಒಳ್ಳೆಯದು. ಫುಟ್‌ಪಾತಿನ ಅಗಲ, ಮರದ ದೂರ, ಚರಂಡಿ ಎಲ್ಲಿದೆ ಅನ್ನುವ ಮೂರು ಅಳತೆ ಬರೆದು ಕಳಿಸಿ. ಅಂಕಣ ಎಷ್ಟು, ಜಾಲಿ ಎಷ್ಟು ಉದ್ದ ಅಂತ ಲೆಕ್ಕ ಹಾಕಿ ಹೇಳುತ್ತೇನೆ.